‘ಚಾ’ ಎಂಬ ಒಂದಕ್ಷರದ ದೂರ ಪಯಣ

ಬೀದರ್ ಬಸ್ ನಿಲ್ದಾಣದಲ್ಲಿ ಇಳಿದ ಮೈಸೂರು ಸೀಮೆಯ ಪ್ರಯಾಣಿಕ ‘ಒಂದು ಟೀ ಕೊಡಿ’ ಎಂದರೆ ಅಂಗಡಿಯವನಿಗೆ ತಿಳಿಯದೆ ಹೋಗುವುದಿಲ್ಲ. ಆದರೆ ಆತ ಒಲೆಯ ಮುಂದಿನ ಹುಡುಗನಿಗೆ ಕೂಗಿ ಹೇಳುವುದು ಮಾತ್ರ ‘ಒಂದು ಚಾ’ ಎಂದೇ. ಬೀದರ್, ಭಾಲ್ಕಿ, ಔರಾದ್ ಎಲ್ಲಿಗೆ ಹೋದರೂ ಇದೇ ಮಾತು. ಔರಾದ್ ರಸ್ತೆಯ ಜನವಾಡದಂಥ ಊರಿನಲ್ಲಿ ಯಾರದಾದರೂ ಮನೆಗೆ ಕಾಲಿಟ್ಟರೆ ಮೊದಲು ಕೇಳಿಬರುವ ಉಪಚಾರ ‘ಬರ್ರಿ, ಕೂಡ್ರಿ, ಚಾ ಕುಡೀರಿ’ ಎಂಬುದು. ಬರೆಯುವಾಗ ‘ಚಹಾ’, ಆಡುವಾಗ ‘ಚಾ’, ಉರ್ದು ಮಾತಿನವರ ಬಾಯಲ್ಲಿ ‘ಚಾಯ್’.

ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರು, ಹೈದರಾಬಾದ್‌ಗಳಲ್ಲಿ ಓದುವ, ದುಡಿಯುವ ಈ ಭಾಗದ ಹುಡುಗ ಹುಡುಗಿಯರು ರಜೆಗೆ ಊರಿಗೆ ಬಂದಾಗ ಬೇರೊಂದು ಚಹಾದ ಸುದ್ದಿ ಹೇಳುತ್ತಾರೆ. ಅದು ತಣ್ಣಗಿರುತ್ತದೆ, ಮೇಲೆ ಹಾಳೆ ಅಂಟಿಸಿ ಮುಚ್ಚಿದ ಎತ್ತರದ ಲೋಟದಲ್ಲಿ ಬರುತ್ತದೆ, ತಳದಲ್ಲಿ ಕಪ್ಪು ಗೋಲಿಗಳಂಥ ಗುಂಡುಗಳಿರುತ್ತವೆ, ಬೆರಳು ದಪ್ಪದ ನಳಿಕೆ ಚುಚ್ಚಿ ಹೀರಿದರೆ ಚಹಾದ ಜೊತೆಗೆ ಗುಂಡುಗಳೂ ಬಾಯಿಗೆ ಬರುತ್ತವೆ, ಅವನ್ನು ಅಗಿಯಬೇಕು. ಬೆಲೆ ನೂರೈವತ್ತು, ಇನ್ನೂರು ರೂಪಾಯಿ. ‘ಬಬಲ್ ಟೀ’ ಅಥವಾ ‘ಬೋಬಾ’ ಎಂಬ ಹೆಸರಿನ ಈ ಪಾನೀಯ ಹುಟ್ಟಿದ್ದು ತೈವಾನಿನಲ್ಲಿ. ಅಲ್ಲಿಯವರು ಇದನ್ನು ಕರೆಯುವುದು ‘ಝೆನ್‌ಝು ನಾಯ್‌ಚಾ’ ಎಂದು. ‘ಝೆನ್‌ಝು’ ಎಂದರೆ ಮುತ್ತು, ‘ನಾಯ್’ ಎಂದರೆ ಹಾಲು. ಕೊನೆಯ ‘ಚಾ’ಗೆ ಬೀದರ್‌ನವರಿಗೆ ಅರ್ಥ ಹೇಳಬೇಕಾಗಿಲ್ಲ.

ಇದು ಆಕಸ್ಮಿಕವಲ್ಲ. ಎರಡೂ ಒಂದೇ ಮಾತು. ಒಂದು ಹಲವು ಶತಮಾನಗಳ ಹಿಂದೆ ಚೀನಾದಿಂದ ಹೊರಟು ಸುತ್ತುಬಳಸಿ ದಖ್ಖನಿಗೆ ಬಂದು ಮುಟ್ಟಿತು. ಇನ್ನೊಂದು ಈಗ ನೇರವಾಗಿ ಬರುತ್ತಿದೆ.

ಎರಡು ಮಾತು, ಎರಡು ದಾರಿ

ಜಗತ್ತಿನ ಬಹುತೇಕ ಭಾಷೆಗಳಲ್ಲಿ ಚಹಾಕ್ಕೆ ಇರುವ ಹೆಸರುಗಳು ಎರಡೇ ಗುಂಪಿಗೆ ಸೇರುತ್ತವೆ. ಒಂದು ‘ಚಾ’ ಗುಂಪು, ಇನ್ನೊಂದು ‘ತೇ’ ಗುಂಪು. ಎರಡೂ ಚೀನಾದವೇ. ಚೀನೀ ಲಿಪಿಯಲ್ಲಿ ಚಹಾಕ್ಕೆ ಇರುವುದು ಒಂದೇ ಅಕ್ಷರ. ಅದನ್ನು ದೇಶದ ಹೆಚ್ಚಿನ ಭಾಗದಲ್ಲಿ ‘ಚಾ’ ಎಂದು ಓದಿದರೆ, ಆಗ್ನೇಯ ಕರಾವಳಿಯ ಫುಜಿಯಾನ್ ಸೀಮೆಯ ಆಡುನುಡಿಯಲ್ಲಿ ‘ತೇ’ ಎನ್ನುತ್ತಾರೆ.

ಒಂಟೆ, ಕುದುರೆಗಳ ಮೇಲೆ ಭೂಮಾರ್ಗವಾಗಿ ಚಹಾ ಹೋದ ಕಡೆಗೆಲ್ಲ ‘ಚಾ’ ಹೋಯಿತು. ಪಾರಸಿಯಲ್ಲಿ ಅದು ‘ಚಾಯ್’ ಆಯಿತು. ರಷ್ಯನ್, ತುರ್ಕಿ ಭಾಷೆಗಳಲ್ಲೂ ಹಾಗೆಯೇ. ‘ಚ’ಕಾರ ಇಲ್ಲದ ಅರಬ್ಬಿಯಲ್ಲಿ ‘ಶಾಯ್’. ಸಮುದ್ರದ ಮೇಲೆ ಮೊದಲು ಬಂದ ಪೋರ್ಚುಗೀಸರು ಮಕಾವ್‌ನಲ್ಲಿ ನೆಲೆನಿಂತು ಕ್ಯಾಂಟನ್ ಸೀಮೆಯೊಂದಿಗೆ ವ್ಯಾಪಾರ ಮಾಡಿದ್ದರಿಂದ ಅವರಿಗೂ ‘ಚಾ’ ಎಂಬ ಮಾತೇ ದೊರೆಯಿತು. ಅವರ ನಂತರ ಬಂದ ಡಚ್ಚರು ಚಹಾ ಕೊಂಡದ್ದು ಫುಜಿಯಾನ್ ವರ್ತಕರಿಂದ. 17ನೆಯ ಶತಮಾನದಲ್ಲಿ ಯೂರೋಪಿಗೆ ಹೆಚ್ಚು ಚಹಾ ಒಯ್ದವರು ಡಚ್ಚರೇ ಆದ್ದರಿಂದ ಅಲ್ಲಿನ ಹಲವು ಭಾಷೆಗಳಿಗೆ ‘ತೇ’ ಹಬ್ಬಿತು. ಇಂಗ್ಲಿಷಿನ ‘ಟೀ’ ಆ ಗುಂಪಿನದು.

ಹೀಗಾಗಿ ಕರ್ನಾಟಕದೊಳಗೇ ಎರಡು ದಾರಿಗಳು ಬಂದು ಸೇರಿವೆ. ಇಂಗ್ಲಿಷ್ ಆಡಳಿತದ ನೆರಳಿನಲ್ಲಿ ಬೆಳೆದ ಬೆಂಗಳೂರು, ಮೈಸೂರು ಭಾಗದಲ್ಲಿ ‘ಟೀ’ ನೆಲೆಯಾಯಿತು. ಒಂದು ಕಡೆ ಮರಾಠಿಯ ‘ಚಹಾ’, ಇನ್ನೊಂದು ಕಡೆ ಉರ್ದುವಿನ ‘ಚಾಯ್’ ಇದ್ದ ಬೀದರ್, ಕಲಬುರ್ಗಿ, ವಿಜಾಪುರಗಳಲ್ಲಿ ‘ಚಹಾ’ ಉಳಿಯಿತು. ಕಣ್ಣಿಗೆ ಕಾಣುವ ಗಡಿಯೇನೂ ಇದಕ್ಕಿಲ್ಲ. ಆದರೆ ಕಿವಿಗೆ ಕೇಳುತ್ತದೆ.

ಲೂ ಯು ಬೀದರ್‌ಗೆ ಬಂದಿದ್ದರೆ

ಚಹಾದ ಹುಟ್ಟಿನ ಬಗ್ಗೆ ಚೀನೀಯರಲ್ಲಿ ಒಂದು ದಂತಕಥೆ ಇದೆ. ಶೆನ್‌ನಾಂಗ್ ಎಂಬ ಪುರಾಣ ಕಾಲದ ಅರಸ ನೀರು ಕಾಯಿಸುತ್ತಿದ್ದಾಗ ಗಾಳಿಗೆ ಹಾರಿಬಂದ ಎಲೆಯೊಂದು ಅದರಲ್ಲಿ ಬಿದ್ದಿತಂತೆ. ಕಥೆ ಹೇಗಾದರೂ ಇರಲಿ, ಚಹಾದ ಬಗ್ಗೆ ಮೊದಲ ದೊಡ್ಡ ಗ್ರಂಥ ಬರೆದವನು ಮಾತ್ರ ಇತಿಹಾಸದ ವ್ಯಕ್ತಿ. ಟಾಂಗ್ ರಾಜವಂಶದ ಕಾಲದಲ್ಲಿ, 8ನೆಯ ಶತಮಾನದಲ್ಲಿ ಬದುಕಿದ್ದ ಲೂ ಯು. ಅವನ ‘ಚಾ ಜಿಂಗ್’ ಗ್ರಂಥದಲ್ಲಿ ಗಿಡ ಎಲ್ಲಿ ಬೆಳೆಯಬೇಕು, ಎಲೆ ಯಾವಾಗ ಬಿಡಿಸಬೇಕು, ಯಾವ ನೀರು ಒಳ್ಳೆಯದು, ನೀರು ಎಷ್ಟು ಕುದಿಯಬೇಕು ಎಂಬುದೆಲ್ಲ ಇದೆ.

ಲೂ ಯು ಕಾಲದ ಚಹಾ ಈಗಿನಂತೆ ಬಿಡಿ ಎಲೆಯಲ್ಲ. ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ಬಿಲ್ಲೆ ತಟ್ಟಿ ಒಣಗಿಸುತ್ತಿದ್ದರು. ಬೇಕಾದಾಗ ಮುರಿದು ಪುಡಿ ಮಾಡಿ ಕುದಿಸುತ್ತಿದ್ದರು. ಚಿಟಿಕೆ ಉಪ್ಪು ಹಾಕಬಹುದು ಎನ್ನುವ ಲೂ ಯು, ಶುಂಠಿ, ಈರುಳ್ಳಿ, ಕಿತ್ತಳೆ ಸಿಪ್ಪೆ, ಪುದೀನ ಹಾಕಿ ಕುದಿಸುವವರ ಮೇಲೆ ಸಿಟ್ಟಾಗುತ್ತಾನೆ. ಅಂಥ ಚಹಾವನ್ನು ಚರಂಡಿಯ ನೀರಿಗೆ ಹೋಲಿಸುತ್ತಾನೆ. ಅಲ್ಲ ಜಜ್ಜಿ ಹಾಕಿ, ಏಲಕ್ಕಿ ಉದುರಿಸಿ, ಹಾಲು ಸಕ್ಕರೆ ಬೆರೆಸಿ ಕೊತಕೊತ ಕುದಿಸುವ ನಮ್ಮ ಖಡಕ್ ಚಾ ನೋಡಿದ್ದರೆ ಆತ ಏನೆನ್ನುತ್ತಿದ್ದನೋ! ಆದರೆ ಅವನ ಸಿಟ್ಟಿನಿಂದಲೇ ಒಂದು ವಿಷಯ ತಿಳಿಯುತ್ತದೆ. ಚಹಾಕ್ಕೆ ಶುಂಠಿ ಹಾಕುವ ರೂಢಿ ನಾವು ಕಂಡುಹಿಡಿದದ್ದಲ್ಲ. ಚೀನಾದ ಸಾಮಾನ್ಯ ಜನರಲ್ಲಿ 1200 ವರ್ಷಗಳ ಹಿಂದೆಯೇ ಅದು ಇತ್ತು.

ಮುಂದೆ ಸಾಂಗ್ ರಾಜವಂಶದ ಕಾಲದಲ್ಲಿ ನುಣ್ಣನೆಯ ಪುಡಿಗೆ ಬಿಸಿನೀರು ಹಾಕಿ ಬಿದಿರಿನ ಕುಂಚದಿಂದ ಕಡೆದು ನೊರೆ ಎಬ್ಬಿಸುವ ಪದ್ಧತಿ ಬಂತು. ಜಪಾನಿನ ಬೌದ್ಧ ಭಿಕ್ಷುಗಳು ಅದನ್ನು ಕಲಿತು ತಮ್ಮ ದೇಶಕ್ಕೆ ಒಯ್ದರು. ಚೀನಾದಲ್ಲಿ ಮಾತ್ರ 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ ಕಪ್ಪಕಾಣಿಕೆಯಾಗಿ ಬಿಲ್ಲೆ ಚಹಾ ಬೇಡ, ಬಿಡಿ ಎಲೆಯೇ ಸಾಕು ಎಂದು ಆಜ್ಞೆ ಹೊರಡಿಸಿದ. ಬಿಲ್ಲೆ ತಟ್ಟುವ ದುಡಿಮೆ ರೈತರಿಗೆ ಭಾರವಾಗಿತ್ತು. ಆಮೇಲೆ ಬಿಡಿ ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿಕೊಳ್ಳುವ ರೂಢಿ ಬಲವಾಯಿತು. ಅದಕ್ಕೆ ಬೇಕಾದ ಕೇಟ್ಲಿಯೂ ಬಂತು.

ಚೀನಾದ ಚಹಾ ಸಂಸ್ಕೃತಿ ಎಂದರೆ ಎಲೆಯಷ್ಟೇ ಅಲ್ಲ. ಮದುವೆಯಲ್ಲಿ ವಧೂವರರು ಹಿರಿಯರಿಗೆ ಎರಡೂ ಕೈಯಿಂದ ಚಹಾ ಕೊಟ್ಟು ಆಶೀರ್ವಾದ ಪಡೆಯುವುದು, ಫುಜಿಯಾನ್ ಸೀಮೆಯಲ್ಲಿ ಅಂಗೈಯಲ್ಲಿ ಅಡಗುವ ಪುಟ್ಟ ಬಟ್ಟಲುಗಳಲ್ಲಿ ಒಂದೇ ಎಲೆಗೆ ಮತ್ತೆ ಮತ್ತೆ ನೀರು ಹುಯ್ದು ಹಂಚುವುದು, ಸಿಚುವಾನ್‌ನ ಚಹಾಮನೆಗಳಲ್ಲಿ ಮುಚ್ಚಳದ ಬಟ್ಟಲು ಹಿಡಿದು ಗಂಟೆಗಟ್ಟಲೆ ಕೂರುವುದು ಎಲ್ಲವೂ ಅದರ ಭಾಗ. 2022ರಲ್ಲಿ ಯುನೆಸ್ಕೊ ಈ ಪದ್ಧತಿಗಳನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಲಾವೊ ಷೆ ಎಂಬ ಚೀನೀ ಲೇಖಕ 1957ರಲ್ಲಿ ‘ಚಹಾಮನೆ’ ಎಂಬ ನಾಟಕವನ್ನೇ ಬರೆದ. ಬೀಜಿಂಗಿನ ಒಂದು ಚಹಾಮನೆಯೊಳಗೆ ಐವತ್ತು ವರ್ಷಗಳ ಇತಿಹಾಸ ನಡೆದುಹೋಗುತ್ತದೆ. ಅದರ ಗೋಡೆಯ ಮೇಲೆ ರಾಜ್ಯದ ವಿಷಯ ಮಾತನಾಡಬಾರದು ಎಂದು ಚೀಟಿ ಅಂಟಿಸಿರುತ್ತದೆ. ‘ಇಲ್ಲಿ ರಾಜಕೀಯ ಮಾತನಾಡಬಾರದು’ ಎಂಬ ಹಲಗೆಯ ಕೆಳಗೇ ಕುಳಿತು ರಾಜಕೀಯ ಮಾತನಾಡುವ ನಮ್ಮ ಹೋಟೆಲು ಗಿರಾಕಿಗಳಿಗೆ ಇದು ಹೊಸ ಸಂಗತಿಯಲ್ಲ.

ಗಾವಾನನ ಊರಿನ ಚಹಾ

ಬಹಮನಿ ಸುಲ್ತಾನರ ಬೀದರ್‌ಗೆ ಚೀನಾದ ಹೆಸರು ಅಪರಿಚಿತವಾಗಿರಲಿಲ್ಲ. 1470ರ ಸುಮಾರಿಗೆ ಇಲ್ಲಿಗೆ ಬಂದಿದ್ದ ರಷ್ಯನ್ ವರ್ತಕ ಅಫನಾಸಿ ನಿಕಿತಿನ್ ತನ್ನ ಪ್ರವಾಸ ಕಥನದಲ್ಲಿ ಚೀನಾದ ಪಿಂಗಾಣಿಯನ್ನು ಹೆಸರಿಸುತ್ತಾನೆ. ಕನ್ನಡದ ‘ಪಿಂಗಾಣಿ’ ಎಂಬ ಮಾತು ಕೂಡ ಬಟ್ಟಲು ಎಂಬರ್ಥದ ಪಾರಸಿಯ ‘ಪಿಂಗಾನ್’ನಿಂದ ಬಂದದ್ದು. ಆದರೆ ಬಟ್ಟಲಿನ ಹೆಸರು ಬಂದಷ್ಟು ಬೇಗ ಚಹಾ ಬರಲಿಲ್ಲ. ನಿಕಿತಿನ್‌ನ ಸ್ವಂತ ದೇಶಕ್ಕೇ ಚಹಾ ತಲುಪಿದ್ದು 17ನೆಯ ಶತಮಾನದಲ್ಲಿ.

ನಿಕಿತಿನ್ ಬಂದ ಕಾಲದಲ್ಲಿ ಬೀದರ್‌ನ ಪ್ರಧಾನಿಯಾಗಿದ್ದವನು ಮಹಮೂದ್ ಗಾವಾನ್. 1472ರಲ್ಲಿ ಅವನು ಕಟ್ಟಿಸಿದ ಮದರಸಾದ ಒಂಟಿ ಮಿನಾರು ಇಂದಿಗೂ ಊರ ನಡುವೆ ನಿಂತಿದೆ. ಗಾವಾನ್ ಇರಾನಿನ ಕ್ಯಾಸ್ಪಿಯನ್ ಸಮುದ್ರ ತೀರದ ಗಿಲಾನ್ ಪ್ರಾಂತದವನು. ಇಂದು ಇರಾನಿನ ಚಹಾ ತೋಟಗಳು ಇರುವುದು ಹೆಚ್ಚಾಗಿ ಅದೇ ಗಿಲಾನಿನಲ್ಲಿ. ಗಾವಾನನ ಕಾಲದಲ್ಲಿ ಅಲ್ಲಿ ಒಂದು ಚಹಾ ಗಿಡವೂ ಇರಲಿಲ್ಲ. ಅವು ಅಲ್ಲಿಗೆ ಹೋದದ್ದು ಭಾರತದಿಂದ! ಇಲ್ಲಿ ಇರಾನಿನ ರಾಯಭಾರ ಪ್ರತಿನಿಧಿಯಾಗಿದ್ದ ಕಾಶೆಫ್ ಅಲ್ ಸಲ್ತಾನೆ ಎಂಬ ರಾಜವಂಶಸ್ಥ ಕಾಂಗ್ರಾ ಕಣಿವೆಯಲ್ಲಿ ಚಹಾ ಕೃಷಿ ಕಲಿತು, 1900ರ ಸುಮಾರಿಗೆ ಸಸಿಗಳನ್ನು ಒಯ್ದು ಗಿಲಾನಿನ ಲಾಹಿಜಾನ್‌ನಲ್ಲಿ ನೆಟ್ಟ. ಕಾಂಗ್ರಾದ ಗಿಡಗಳಾದರೋ ಚೀನಾ ತಳಿಯವು. ಚೀನಾದಿಂದ ಹಿಮಾಲಯಕ್ಕೆ, ಅಲ್ಲಿಂದ ಗಾವಾನನ ತವರಿಗೆ ಗಿಡ ಹೋಯಿತು. ಅದೇ ಹೊತ್ತಿಗೆ ಇರಾನಿನಿಂದ ಜನ ದಖ್ಖನಿಗೆ ಬರುತ್ತಿದ್ದರು. ಅವರ ಕಥೆ ಮುಂದೆ ಬರುತ್ತದೆ.

ಬ್ರಿಟಿಷರು ಕಲಿಸುವ ಮೊದಲು ಭಾರತೀಯರಿಗೆ ಚಹಾ ಗೊತ್ತೇ ಇರಲಿಲ್ಲ ಎನ್ನುವುದು ಪೂರ್ಣ ನಿಜವಲ್ಲ. 1689ರಲ್ಲಿ ಸೂರತ್‌ಗೆ ಬಂದಿದ್ದ ಜಾನ್ ಓವಿಂಗ್ಟನ್ ಎಂಬ ಇಂಗ್ಲಿಷ್ ಪಾದ್ರಿ, ಅಲ್ಲಿನ ಬನಿಯಾಗಳು ಮಸಾಲೆ ಹಾಕಿದ ಚಹಾವನ್ನು ತಲೆನೋವು, ಹೊಟ್ಟೆನೋವುಗಳಿಗೆ ಕುಡಿಯುತ್ತಿದ್ದರೆಂದು ಬರೆದಿದ್ದಾನೆ. ಕಲ್ಲುಸಕ್ಕರೆ, ನಿಂಬೆಯೊಂದಿಗೆ ಕುಡಿಯುವುದೂ ಇತ್ತು. ಅಸ್ಸಾಮಿನ ಸಿಂಗ್ಫೊ ಜನರು ತಮ್ಮ ಕಾಡಿನ ಎಲೆಯಿಂದ ತಾವೇ ಚಹಾ ಮಾಡಿಕೊಳ್ಳುತ್ತಿದ್ದರು. ಆದರೆ ಬಂದರುಗಳಲ್ಲಿ ಅದು ಔಷಧ, ಗಡಿನಾಡಿನ ಕಾಡಿನಲ್ಲಿ ಬುಡಕಟ್ಟಿನ ಪಾನೀಯ. ಊರೂರಿನ ಬೆಳಗಿನ ಅಭ್ಯಾಸ ಆಗಿರಲಿಲ್ಲ.

ಬೆಳ್ಳಿ, ಅಫೀಮು, ಅಸ್ಸಾಂ

ಆ ಅಭ್ಯಾಸದ ಹಿಂದೆ ಒಂದು ಕಹಿ ವ್ಯಾಪಾರವಿದೆ. 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ಜನ ಚಹಾದ ದಾಸರಾದರು. 1784ರಲ್ಲಿ ಅಲ್ಲಿನ ಸರ್ಕಾರ ಚಹಾದ ಮೇಲಿನ ತೆರಿಗೆಯನ್ನು ಶೇ 119ರಿಂದ ಶೇ 12.5ಕ್ಕೆ ಇಳಿಸಿದ ಮೇಲಂತೂ ಬೇಡಿಕೆ ಏರುತ್ತಲೇ ಹೋಯಿತು. ಆದರೆ ಚಹಾ ಇದ್ದದ್ದು ಚೀನಾದಲ್ಲಿ ಮಾತ್ರ, ಚೀನೀಯರು ಕೇಳುತ್ತಿದ್ದದ್ದು ಬೆಳ್ಳಿ. ಬೆಳ್ಳಿ ಉಳಿಸಲು ಈಸ್ಟ್ ಇಂಡಿಯಾ ಕಂಪೆನಿ ಕಂಡುಕೊಂಡ ಉಪಾಯವೇ ಅಫೀಮು. ಬಿಹಾರ, ಬನಾರಸ್ ಕಡೆಯ ರೈತರಿಂದ ಗಸಗಸೆ ಬೆಳೆಸಿ, ಅಫೀಮನ್ನು ಕಲ್ಕತ್ತೆಯಲ್ಲಿ ಹರಾಜು ಹಾಕಿ, ಖಾಸಗಿ ವರ್ತಕರ ಕೈಯಿಂದ ಚೀನಾಕ್ಕೆ ಕಳಿಸಿ, ಆ ಹಣದಿಂದ ಚಹಾ ಕೊಳ್ಳುವುದು. ಚೀನಾ ಅಡ್ಡಿಪಡಿಸಿದಾಗ 1839ರಿಂದ 1842ರವರೆಗೆ ಮೊದಲ ಅಫೀಮು ಯುದ್ಧ ನಡೆಯಿತು. ಸೋತ ಚೀನಾ ಹಾಂಗ್‌ಕಾಂಗ್ ಬಿಟ್ಟುಕೊಡಬೇಕಾಯಿತು.

ಇದೇ ಹೊತ್ತಿಗೆ ಚೀನಾದ ಹಂಗಿಲ್ಲದೆ ಚಹಾ ಬೆಳೆಯುವ ಪ್ರಯತ್ನವೂ ನಡೆದಿತ್ತು. 1823ರಲ್ಲಿ ರಾಬರ್ಟ್ ಬ್ರೂಸ್ ಅಸ್ಸಾಮಿನ ಕಾಡು ಚಹಾ ಗಿಡದ ಸುಳಿವು ಪಡೆದ. 1839ರ ಜನವರಿಯಲ್ಲಿ ಅಸ್ಸಾಂ ಚಹಾದ ಮೊದಲ ಎಂಟು ಪೆಟ್ಟಿಗೆಗಳು ಲಂಡನ್ನಿನಲ್ಲಿ ಹರಾಜಾದವು. 1848ರಲ್ಲಿ ರಾಬರ್ಟ್ ಫಾರ್ಚೂನ್ ಎಂಬ ಸಸ್ಯಶಾಸ್ತ್ರಜ್ಞ ಕಂಪೆನಿಯ ಪರವಾಗಿ ಚೀನೀ ವೇಷ ತೊಟ್ಟು ಒಳನಾಡಿನ ತೋಟಗಳಿಗೆ ನುಗ್ಗಿ ಸಾವಿರಾರು ಸಸಿಗಳನ್ನು, ಕೆಲಸ ಬಲ್ಲ ಚೀನೀಯರನ್ನು ಹಿಮಾಲಯದ ತಪ್ಪಲಿಗೆ ತಂದ. ಅಸ್ಸಾಮಿನ ತೋಟಗಳಿಗೆ ಛೋಟಾ ನಾಗಪುರ ಮೊದಲಾದ ಕಡೆಗಳಿಂದ ಕರಾರಿನ ಮೇಲೆ ಕೂಲಿಗಳನ್ನು ಸಾಗಿಸಲಾಯಿತು. ಕಾಯಿಲೆ, ಹೊಡೆತ, ಕಡಿಮೆ ಕೂಲಿಗಳಲ್ಲಿ ಬೆಂದ ಆ ಜೀವಗಳ ದುಡಿಮೆ ಪ್ರತಿ ಲೋಟದ ಹಿಂದೆಯೂ ಇದೆ.

ಕುಡಿಯಲು ಕಲಿಸಿದವರು

ಇಷ್ಟೆಲ್ಲ ಆದರೂ ಅದು ಹೊರದೇಶಕ್ಕೆ ಹೋಗುವ ಸರಕು. 20ನೆಯ ಶತಮಾನದ ಆರಂಭದಲ್ಲಿ ತೋಟದ ಮಾಲೀಕರು ಭಾರತದೊಳಗಿನ ಕೋಟ್ಯಂತರ ಬಾಯಿಗಳ ಕಡೆ ತಿರುಗಿ ನೋಡಿದರು. 1903ರಲ್ಲಿ ಚಹಾ ರಫ್ತಿನ ಮೇಲೆ ಒಂದು ಸೆಸ್ ಹಾಕಿ ಆ ಹಣವನ್ನು ಪ್ರಚಾರಕ್ಕೆ ಮೀಸಲಿಡಲಾಯಿತು. ರೈಲು ನಿಲ್ದಾಣಗಳಲ್ಲಿ, ಗಿರಣಿ ಗಣಿಗಳಲ್ಲಿ ಚಹಾ ಮಳಿಗೆಗಳು ಬಂದವು. ಚಹಾ ಮಾಡುವ ಕ್ರಮವನ್ನು ದೇಶಭಾಷೆಗಳಲ್ಲಿ ಬರೆದ ಹಲಗೆಗಳನ್ನು ತೂಗುಹಾಕಿದರು. ಗಾಂಧೀಜಿ ಚಹಾದ ಅಭ್ಯಾಸವನ್ನು ಒಪ್ಪಲಿಲ್ಲ. ರಸಾಯನಶಾಸ್ತ್ರಜ್ಞ ಪ್ರಫುಲ್ಲಚಂದ್ರ ರಾಯ್ ಅದರ ವಿರುದ್ಧ ಬರೆದರು. ಆದರೂ ಅಭ್ಯಾಸ ನಿಲ್ಲಲಿಲ್ಲ.

ಪ್ರಚಾರಕರು ಕಲಿಸಿದ್ದು ಇಂಗ್ಲಿಷ್ ಕ್ರಮ: ಹೆಚ್ಚು ಎಲೆ, ಸ್ವಲ್ಪ ಹಾಲು, ಕುದಿಸಬಾರದು. ಜನ ಮಾಡಿದ್ದು ತಮ್ಮ ಕ್ರಮ: ಕಡಿಮೆ ಪುಡಿ, ಹೆಚ್ಚು ಹಾಲು ಸಕ್ಕರೆ, ಚೆನ್ನಾಗಿ ಕುದಿಸುವುದು. ಈ ಕ್ರಮಕ್ಕೆ ಹೇಳಿಮಾಡಿಸಿದಂತೆ 1930ರ ಸುಮಾರಿಗೆ ಅಸ್ಸಾಮಿನಲ್ಲಿ ಒಂದು ಯಂತ್ರ ಬಂತು. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿ ಹರಳು ಮಾಡುವ ಸಿಟಿಸಿ ಯಂತ್ರ. ಹರಳು ಚಹಾ ಬೇಗ ಬಣ್ಣ ಬಿಡುತ್ತದೆ, ಒಂದು ಕಿಲೋದಲ್ಲಿ ಹೆಚ್ಚು ಲೋಟ ಆಗುತ್ತದೆ, ಹಾಲಿನ ಮುಂದೆ ಸೋಲುವುದಿಲ್ಲ. ಸ್ವಾತಂತ್ರ್ಯಾನಂತರ ಈ ಚಹಾ ಹರಡಿದಂತೆ ಬಡವರ ಮನೆಗೂ ಚಹಾಪುಡಿಯ ಪೊಟ್ಟಣ ಬಂತು. ಇಂದು ದೇಶದಲ್ಲಿ ವರ್ಷಕ್ಕೆ ಸುಮಾರು 130 ಕೋಟಿ ಕಿಲೋ ಚಹಾ ತಯಾರಾಗುತ್ತದೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ನಾವೇ ಕುಡಿದು ಮುಗಿಸುತ್ತೇವೆ.

ಕರ್ನಾಟಕದಲ್ಲಿ ಹಾಲು ಸಕ್ಕರೆಯ ಹಂಗಿಲ್ಲದ ಚಹಾವೂ ಇದೆ. 1960ರ ದಶಕದಿಂದ ಬೈಲಕುಪ್ಪೆ, ಮುಂಡಗೋಡಗಳಲ್ಲಿ ನೆಲೆಸಿರುವ ಟಿಬೆಟನ್ನರ ಮನೆಗಳಲ್ಲಿ ಬೆಣ್ಣೆ, ಉಪ್ಪು ಹಾಕಿ ಕಡೆದ ‘ಪೋ ಚಾ’ ಸಿಗುತ್ತದೆ. ಚೀನಾದಿಂದ ಇಟ್ಟಿಗೆ ರೂಪದ ಚಹಾ ಟಿಬೆಟ್ಟಿಗೆ, ಟಿಬೆಟ್ಟಿನ ಕುದುರೆ ಚೀನಾಕ್ಕೆ ಹೋಗುತ್ತಿದ್ದ ಹಳೆಯ ವ್ಯಾಪಾರದ ಗುರುತು ಅದು. ಅಲ್ಲೂ ಕೊನೆಯ ಮಾತು ‘ಚಾ’ ಎಂದೇ.

ಇರಾನಿ ಹೋಟೆಲು

ಬೀದರ್‌ಗೆ ಚಹಾದ ರುಚಿ ಬಂದ ದಾರಿಯಲ್ಲಿ ಹೈದರಾಬಾದ್ ಮುಖ್ಯ. 1948ರವರೆಗೆ ಬೀದರ್ ನಿಜಾಮರ ಸಂಸ್ಥಾನದ ಜಿಲ್ಲೆ. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಕೋರ್ಟು, ಕಾಲೇಜು, ಆಸ್ಪತ್ರೆ, ಮದುವೆ ಜವಳಿ ಎಲ್ಲಕ್ಕೂ ಇಲ್ಲಿನವರು ಹೋಗುತ್ತಿದ್ದದ್ದು ಹೈದರಾಬಾದಿಗೆ. ಅಲ್ಲಿ 19ನೆಯ ಶತಮಾನದ ಕೊನೆ, 20ನೆಯ ಶತಮಾನದ ಮೊದಲಲ್ಲಿ ಇರಾನಿನ ಯಜ್ದ್ ಮೊದಲಾದ ಒಣ ಸೀಮೆಗಳಿಂದ ಮುಂಬಯಿ, ಪುಣೆಗಳ ಮೂಲಕ ಬಂದವರು ಹೋಟೆಲುಗಳನ್ನು ತೆರೆದರು. ಅಮೃತಶಿಲೆ ಹಾಸಿನ ಮೇಜು, ಮರದ ಕುರ್ಚಿ, ಗಲ್ಲೆಯ ಮೇಲೆ ಮಾಲೀಕ.

ಇರಾನಿನಲ್ಲಿ ಚಹಾಕ್ಕೆ ಹಾಲು ಹಾಕುವುದಿಲ್ಲ; ಸಕ್ಕರೆಯ ತುಂಡು ಬಾಯಲ್ಲಿಟ್ಟುಕೊಂಡು ಕರಿ ಚಹಾ ಹೀರುತ್ತಾರೆ. ಹೈದರಾಬಾದಿನ ‘ಇರಾನಿ ಚಾಯ್’ ಆ ಚಹಾವಲ್ಲ. ಮುಚ್ಚಿದ ಪಾತ್ರೆಯಲ್ಲಿ ಪುಡಿಯನ್ನು ಬಹಳ ಹೊತ್ತು ದಮ್ ಕೊಟ್ಟು ಗಟ್ಟಿ ಕಷಾಯ ಇಳಿಸುತ್ತಾರೆ. ಬೇರೊಂದು ಪಾತ್ರೆಯಲ್ಲಿ ಹಾಲನ್ನು ಕಾಯಿಸಿ ಕಾಯಿಸಿ ಮಂದ ಮಾಡುತ್ತಾರೆ. ಕೊಡುವಾಗಷ್ಟೇ ಎರಡನ್ನೂ ಕೂಡಿಸುತ್ತಾರೆ. ಜೊತೆಗೆ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹೆಸರಿನ ಉಸ್ಮಾನಿಯಾ ಬಿಸ್ಕತ್ತು, ಸಿಹಿಯೊಂದಿಗೆ ಸ್ವಲ್ಪ ಉಪ್ಪು. ಇರಾನಿನ ಹೆಸರು, ಚೀನಾದ ಗಿಡ, ಅಸ್ಸಾಮಿನ ಪುಡಿ, ದಖ್ಖನಿನ ಎಮ್ಮೆಯ ಹಾಲು ಎಲ್ಲವೂ ಆ ಒಂದು ಕಪ್ಪು ಬಸಿಯಲ್ಲಿ ಕೂಡಿವೆ.

ಇರಾನಿ ಹೋಟೆಲಿನ ದೊಡ್ಡ ಗುಣ ರುಚಿಯಲ್ಲ. ಜಾತಿಯ ಲೆಕ್ಕ ಗೊತ್ತಿಲ್ಲದ ಹೊರಗಿನವರು ನಡೆಸಿದ ಜಾಗ ಅದು. ಕೂಲಿ, ಗುಮಾಸ್ತ, ಕವಿ, ವಕೀಲ ಯಾರು ಬಂದರೂ ಕಾಸು ಕೊಟ್ಟು ಅದೇ ಕುರ್ಚಿಯಲ್ಲಿ ಕೂರಬಹುದಿತ್ತು. ಅಪರಿಚಿತರು ಒಂದೇ ಮೇಜಿಗೆ ಕೂತು ಒಂದೇ ಬಗೆಯ ಕಪ್ಪಿನಲ್ಲಿ ಕುಡಿಯುವುದು ಆ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ.

ಒಂದು ಅಂಗಡಿ, ಎರಡು ಲೋಟ

ಆದರೆ ಚಹಾದಂಗಡಿ ಹಳ್ಳಿಗೆ ಬಂದಾಗ ಹಳ್ಳಿಯ ಕಟ್ಟುಪಾಡು ಅಂಗಡಿಯೊಳಕ್ಕೂ ಬಂತು. ದಲಿತರಿಗೆ ಬೇರೆ ಲೋಟ, ಉಳಿದವರಿಗೆ ಬೇರೆ ಲೋಟ. ದಲಿತರ ಲೋಟ ಹೊರಗಿನ ಮಾಡಿನಲ್ಲೋ ಗೋಡೆಯ ಸಂದಿಯಲ್ಲೋ ಇರುತ್ತದೆ, ಕುಡಿದವರೇ ತೊಳೆದಿಡಬೇಕು, ಬೆಂಚಿನ ಮೇಲೆ ಕೂರುವಂತಿಲ್ಲ. ಕರ್ನಾಟಕ, ಆಂಧ್ರ, ತಮಿಳುನಾಡುಗಳ ಅನೇಕ ಹಳ್ಳಿಗಳಲ್ಲಿ ಈ ‘ಎರಡು ಲೋಟ’ದ ಪದ್ಧತಿ ಬೆಳೆಯಿತು. ಅನುಭವ ಮಂಟಪದ ಕಲ್ಯಾಣ ಇರುವುದು ಬೀದರ್ ಜಿಲ್ಲೆಯಲ್ಲೇ. 12ನೆಯ ಶತಮಾನದಲ್ಲಿ ಕುಲದ ಹಂಗು ಹರಿದು ಜೊತೆಯಾಗಿ ಉಣ್ಣಲು ಕಲಿಸಿದ ನೆಲವಿರುವ ನಾಡಿನಲ್ಲಿ 20ನೆಯ ಶತಮಾನದ ಹೊಸ ಪಾನೀಯಕ್ಕೂ ಮೈಲಿಗೆಯ ಲೆಕ್ಕ ಹಚ್ಚಿದ್ದು ಕಹಿ ಸತ್ಯ.

ಕಾನೂನು ಇದನ್ನು ಒಪ್ಪುವುದಿಲ್ಲ. ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲುಗಳಿಗೆ ಎಲ್ಲರಿಗೂ ಪ್ರವೇಶದ ಹಕ್ಕು ಕೊಡುತ್ತದೆ, 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡುತ್ತದೆ. ಅಸ್ಪೃಶ್ಯತೆಯ ವಿರುದ್ಧ 1955ರಲ್ಲಿ ಬಂದ ಕಾಯ್ದೆ ಹೋಟೆಲಿನಲ್ಲಿ ಗಿರಾಕಿಗಳಿಗಾಗಿ ಇಟ್ಟ ಪಾತ್ರೆ ಬಳಸದಂತೆ ತಡೆಯುವುದನ್ನು ಅಪರಾಧ ಎಂದಿತು. 1970ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿಯ ಹೋರಾಟಗಳಲ್ಲಿ ಹೋಟೆಲ್ ಪ್ರವೇಶವೂ ಒಂದಾಗಿತ್ತು. ಇಷ್ಟಾದರೂ 2011ರಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿನ ಒಂದು ಪ್ರಕರಣದ ತೀರ್ಪಿನಲ್ಲಿ ಎರಡು ಲೋಟದ ಪದ್ಧತಿಯನ್ನು ಹೆಸರಿಸಿ ಖಂಡಿಸಬೇಕಾಯಿತು. ಸಂವಿಧಾನ ಜಾರಿಗೆ ಬಂದು ಅರವತ್ತೊಂದು ವರ್ಷಗಳ ನಂತರ!

ಅನೇಕ ಕಡೆ ಈ ಪದ್ಧತಿಯನ್ನು ಮರೆಮಾಡಿದ್ದು ಮನಃಪರಿವರ್ತನೆಯಲ್ಲ, ಒಮ್ಮೆ ಕುಡಿದು ಬಿಸಾಡುವ ಪ್ಲಾಸ್ಟಿಕ್ ಮತ್ತು ಕಾಗದದ ಲೋಟ. ಎಲ್ಲರಿಗೂ ಒಂದೇ ಬಗೆಯ ಲೋಟ ಬಂದಾಗ ಭೇದ ಕಣ್ಣಿಗೆ ಕಾಣದಾಯಿತು. ಆದರೆ ಬೆಂಚಿನ ಮೇಲೆ ಯಾರು ಕೂರುತ್ತಾರೆ ಎಂಬ ಪ್ರಶ್ನೆ ಲೋಟದೊಂದಿಗೆ ಕಸದ ಬುಟ್ಟಿಗೆ ಹೋಗುವುದಿಲ್ಲ.

ಸಾಬೂದಾನಿ ಹಾಕಿದ ಚಹಾ

ಈಗ ಬಬಲ್ ಟೀ. ತೈವಾನಿನಲ್ಲಿ ತಣ್ಣನೆಯ ಚಹಾವನ್ನು ಮಂಜುಗಡ್ಡೆ, ಸಕ್ಕರೆ ಪಾಕದೊಂದಿಗೆ ಡಬ್ಬಿಯಲ್ಲಿ ಹಾಕಿ ಜೋರಾಗಿ ಕುಲುಕಿ ಕೊಡುವ ರೂಢಿ 1980ರ ದಶಕದಲ್ಲಿ ಹಬ್ಬಿತು. ಕುಲುಕಿದಾಗ ಏಳುವ ನೊರೆಯ ಗುಳ್ಳೆಯೇ ಮೊದಲು ‘ಬಬಲ್’ ಆಗಿತ್ತು, ತಳದ ಗುಂಡುಗಳಲ್ಲ. ಅದೇ ದಶಕದಲ್ಲಿ ಯಾರೋ ಸಂತೆಯಲ್ಲಿ ಸಿಗುತ್ತಿದ್ದ ಪಿಷ್ಟದ ಸಿಹಿ ಗುಂಡುಗಳನ್ನು ಆ ಚಹಾಕ್ಕೆ ಸುರಿದರು. ತಾವೇ ಮೊದಲಿಗರು ಎಂದು ತೈಚುಂಗ್ ನಗರದ ಚುನ್ ಷುಯಿ ಟಾಂಗ್ ಮತ್ತು ತೈನಾನ್ ನಗರದ ಹಾನ್‌ಲಿನ್ ಎಂಬ ಎರಡು ಚಹಾಮನೆಗಳು ಹತ್ತು ವರ್ಷ ಕೋರ್ಟಿನಲ್ಲಿ ಕಾದಾಡಿದವು. 2019ರಲ್ಲಿ ನ್ಯಾಯಾಲಯ ಇದು ಯಾರು ಬೇಕಾದರೂ ಮಾಡಬಹುದಾದ ಪಾನೀಯ, ಮೊದಲು ಮಾಡಿದವರಾರು ಎಂದು ತೀರ್ಮಾನಿಸುವ ಅಗತ್ಯವಿಲ್ಲ ಎಂದಿತು.

ಆ ಗುಂಡುಗಳು ಏನು? ಮರಗೆಣಸಿನ ಪಿಷ್ಟ. ಅದನ್ನು ಕಂದು ಸಕ್ಕರೆಯೊಂದಿಗೆ ಬಿಸಿನೀರಿನಲ್ಲಿ ನಾದಿ, ಉಂಡೆ ಕಟ್ಟಿ, ಅರ್ಧ ಗಂಟೆಗೂ ಹೆಚ್ಚು ಬೇಯಿಸಿ, ಪಾಕದಲ್ಲಿ ನೆನೆಹಾಕುತ್ತಾರೆ. ಬೀದರ್‌ನವರಿಗೆ ಈ ವಸ್ತು ಬೇರೆ ಹೆಸರಿನಿಂದ ಚೆನ್ನಾಗಿ ಗೊತ್ತು: ಸಾಬೂದಾನಿ. ಏಕಾದಶಿ, ಶಿವರಾತ್ರಿಯ ಉಪವಾಸಕ್ಕೆ ಶೇಂಗಾಪುಡಿ ಹಾಕಿ ಖಿಚಡಿ ಮಾಡುತ್ತಾರಲ್ಲ, ಅದೇ. ಮೈಸೂರು ಕಡೆಯವರು ಸಬ್ಬಕ್ಕಿ ಎನ್ನುತ್ತಾರೆ. ಉಪವಾಸದ ದಿನ ಸಾಬೂದಾನಿ ತಿಂದು ಮೇಲೊಂದು ಚಾ ಕುಡಿಯುವ ನಮ್ಮ ಮನೆಗಳಲ್ಲಿ ಎರಡೂ ಹೊಟ್ಟೆಯಲ್ಲಿ ಕೂಡುತ್ತಿದ್ದವು. ತೈವಾನಿನವರು ಲೋಟದಲ್ಲೇ ಕೂಡಿಸಿದರು.

ಸಾಬೂದಾನಿಯೂ ಇಲ್ಲಿನ ಮೂಲದ್ದಲ್ಲ. ಮರಗೆಣಸು ದಕ್ಷಿಣ ಅಮೆರಿಕದ ಗಿಡ. ಅದನ್ನು ಬಡವರ ಆಹಾರವಾಗಿ ಬೆಳೆಸಲು ತಿರುವಾಂಕೂರಿನಲ್ಲಿ 1880ರ ದಶಕದಲ್ಲಿ ಆಳಿದ ವಿಶಾಖಂ ತಿರುನಾಳ್ ಮಹಾರಾಜ ಪ್ರೋತ್ಸಾಹ ಕೊಟ್ಟ. ಸಾಗು ಎಂಬ ತಾಳೆ ಜಾತಿಯ ಮರದ ತಿರುಳಿನಿಂದ ಮಾಡಿದ ಅಸಲು ಸಾಬೂದಾನಿ ಮಲಯಾ, ಸಿಂಗಪುರದ ಕಡೆಯಿಂದ ಬರುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಆ ಆಮದು ನಿಂತಾಗ ಸೇಲಂ ಭಾಗದಲ್ಲಿ ಮರಗೆಣಸಿನಿಂದ ಮಾಡಲು ಶುರು ಮಾಡಿದರು. ಇಂದು ನಮ್ಮ ಉಪವಾಸದ ಖಿಚಡಿಗೆ ಬರುವುದು ಬಹುಪಾಲು ಅಲ್ಲಿಂದಲೇ.

ತೈವಾನಿನಿಂದ ಈ ಚಹಾ ಹಾಂಗ್‌ಕಾಂಗ್, ಅಮೆರಿಕ, ಆಗ್ನೇಯ ಏಷ್ಯಾಗಳಿಗೆ ಹರಡಿತು. ಚೀನಾದಲ್ಲಂತೂ ದೊಡ್ಡ ಉದ್ಯಮವೇ ಆಯಿತು. 1997ರಲ್ಲಿ ಝೆಂಗ್‌ಝೌ ನಗರದಲ್ಲಿ ಸಣ್ಣ ಅಂಗಡಿಯಾಗಿ ಹುಟ್ಟಿದ ಮಿಷ್ಯುಯೆ ಎಂಬ ಕಂಪೆನಿ 2025ರ ಮಾರ್ಚಿಯಲ್ಲಿ ಹಾಂಗ್‌ಕಾಂಗ್ ಷೇರುಪೇಟೆಗೆ ಬಂದಾಗ ಅದಕ್ಕೆ 45 ಸಾವಿರಕ್ಕೂ ಹೆಚ್ಚು ಅಂಗಡಿಗಳಿದ್ದವು. ಸಂಖ್ಯೆಯಲ್ಲಿ ಮೆಕ್‌ಡೊನಾಲ್ಡ್ಸ್ ಕೂಡ ಅದರ ಹಿಂದೆ. ಭಾರತದಲ್ಲಿ ಹತ್ತು ಹನ್ನೆರಡು ವರ್ಷಗಳಿಂದ ದೊಡ್ಡ ನಗರಗಳಲ್ಲಿ ಅಲ್ಲೊಂದು ಇಲ್ಲೊಂದು ಅಂಗಡಿ ಇತ್ತು. 2023ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಬೋಬಾ ಭಾಯಿ’ಯಂಥ ಸಂಸ್ಥೆಗಳು ಇಲ್ಲಿನ ನಾಲಿಗೆಗೆ ತಕ್ಕ ರುಚಿಗಳನ್ನು ಸೇರಿಸಿ ಅದನ್ನು ಹರಡುತ್ತಿವೆ. ಕೊರಿಯಾದ ಧಾರಾವಾಹಿ, ಮೊಬೈಲಿನ ಕಿರುಚಿತ್ರಗಳನ್ನು ನೋಡುವ ಹುಡುಗರಿಗೆ ಆ ಲೋಟದ ಚಿತ್ರ ಮೊದಲೇ ಪರಿಚಿತ.

ಕೂತು ಕುಡಿಯುವ ಚಾ

ಹೊಸತನ್ನು ಕಂಡೊಡನೆ ಹಳತು ಕೆಟ್ಟಿತೆಂದು ಕೊರಗುವುದು ಬೇಡ. ನಾವು ‘ನಮ್ಮದು’ ಎನ್ನುವ ಚಾ ಕೂಡ ನೂರು ವರ್ಷಗಳ ಹಿಂದೆ ವ್ಯಾಪಾರಿಗಳು ಹಣ ಸುರಿದು ಕಲಿಸಿದ ಚಟವೇ. ಆಗಲೂ ಹಿರಿಯರು ಮಜ್ಜಿಗೆ, ಅಂಬಲಿ ಬಿಟ್ಟು ಇದೇನು ಎಂದು ಬೈದಿದ್ದರು. ಸಕ್ಕರೆಯ ಮಾತಿಗೆ ಬಂದರೆ ಬೋಬಾದ ಪಾಕವನ್ನು ದೂರುವ ಮುನ್ನ ದಿನಕ್ಕೆ ಆರೇಳು ಸಲ ಕುಡಿಯುವ ಸಿಹಿ ಚಾದ ಲೆಕ್ಕವನ್ನೂ ಹಾಕಬೇಕು.

ಆದರೆ ಒಂದು ವ್ಯತ್ಯಾಸ ನಿಜ. ಬಬಲ್ ಟೀ ಕೈಯಲ್ಲಿ ಹಿಡಿದು ನಡೆಯುವವರ ಚಹಾ. ಮುಚ್ಚಿ ಕೊಡುತ್ತಾರೆ, ಒಬ್ಬೊಬ್ಬರ ರುಚಿಗೆ ಬೇರೆ ಬೇರೆ ಮಾಡಿ ಕೊಡುತ್ತಾರೆ, ಹಂಚಿಕೊಳ್ಳಲು ಬರುವುದಿಲ್ಲ. ಬೆಲೆಯೇ ಯಾರು ಬರಬೇಕು ಎಂಬುದನ್ನು ಬಾಗಿಲಲ್ಲೇ ತೀರ್ಮಾನಿಸುತ್ತದೆ. ಹತ್ತು ಹದಿನೈದು ರೂಪಾಯಿಯ ಚಾದಂಗಡಿಯಲ್ಲಿ ‘ಎರಡರಾಗ ಮೂರು ಮಾಡ್ರಿ’ ಎಂದು ಒಂದು ಲೋಟ ಹೆಚ್ಚು ಕೇಳಬಹುದು. ಮಳೆ ಬಂತೇ, ಉದ್ದಿನ ಧಾರಣೆ ಎಷ್ಟು, ಯಾರ ಮಗನಿಗೆ ನೌಕರಿ ಸಿಕ್ಕಿತು ಎಂಬ ಸುದ್ದಿ ಸಿಗುತ್ತದೆ. ಕೆಲಸ ಹುಡುಕುವವನಿಗೆ ಕೆಲಸದ ಸುಳಿವೂ ಅಲ್ಲೇ ಸಿಗುತ್ತದೆ. ಹಾಗೆಂದು ಆ ಬೆಂಚನ್ನು ಹೊಗಳಿ ಕೂರುವಂತೆಯೂ ಇಲ್ಲ. ಹೆಂಗಸರು ನಿರಾತಂಕವಾಗಿ ಬಂದು ಕೂರುವ ಚಾದಂಗಡಿ ನಮ್ಮ ಊರುಗಳಲ್ಲಿ ಎಷ್ಟಿವೆ? ನಗರದ ಬಬಲ್ ಟೀ ಅಂಗಡಿಯಲ್ಲಿ ಹುಡುಗಿಯರು ಗೆಳತಿಯರೊಂದಿಗೆ ಗಂಟೆ ಕಳೆದರೆ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿಗೆ ಅವರು ಹೋಗುವುದಕ್ಕೆ ರುಚಿಯಷ್ಟೇ ಈ ನಿರಾಳವೂ ಕಾರಣ ಎಂಬುದನ್ನು ಮರೆಯಬಾರದು.

ಬೋಬಾ ಬೀದರ್‌ಗೂ, ಭಾಲ್ಕಿಗೂ ಒಂದು ದಿನ ಬರಬಹುದು. ಬಂದರೆ ಅದಕ್ಕೂ ಅಲ್ಲ, ಏಲಕ್ಕಿ ಬೀಳಬಹುದು; ಸೇಲಂನ ಸಾಬೂದಾನಿಯೇ ಮುತ್ತಾಗಬಹುದು. ಚೀನಾದ ಎಲೆಯನ್ನು ಇಷ್ಟರಮಟ್ಟಿಗೆ ತನ್ನದಾಗಿಸಿಕೊಂಡ ನಾಡಿಗೆ ಅದು ಕಷ್ಟವಲ್ಲ. ಕಷ್ಟದ ಕೆಲಸ ಬೇರೆ ಇದೆ. ಎಲ್ಲ ಜಾತಿಯವರೂ, ಗಂಡಸರೂ ಹೆಂಗಸರೂ, ಜೇಬಿನಲ್ಲಿ ಹತ್ತೇ ರೂಪಾಯಿ ಇದ್ದವರೂ ಒಂದೇ ಬೆಂಚಿನ ಮೇಲೆ, ಒಂದೇ ಬಗೆಯ ಲೋಟದಲ್ಲಿ ಕುಡಿಯುವ ಚಾದಂಗಡಿ ಪ್ರತಿ ಊರಿನಲ್ಲೂ ಇರಬೇಕು. ಇರಾನಿ ಹೋಟೆಲು ಅದರ ಅರ್ಧವನ್ನು ಮಾಡಿ ತೋರಿಸಿತ್ತು. ಉಳಿದರ್ಧ ಇನ್ನೂ ಆಗಬೇಕಾಗಿದೆ.